ಎಡಗಡೆ ಹಿಂದಿನ ಸ್ಪೀಕರ್

ಜೂನ್ 3, ಬುಧವಾರ
ತಂಗಿ ಟೈಪ್ ಮಾಡಿ ಕಳಿಸಿದ್ದು

ಅಣ್ಣಾ,

ಒಂಬತ್ತು ವರ್ಷ ಆದ್ಮೇಲೆ ಬರೀತಿರೋದು ಕೆಲಸದ ವಿಷಯಕ್ಕೆ. ಬೇರೇನೂ ಅಂದ್ಕೋಬೇಡ. ಇಲ್ಲೊಬ್ರು ವಕೀಲರು ಮನೇಲಿ ಥಿಯೇಟರ್ ರೂಮ್ ಮಾಡಿಸ್ತಿದಾರೆ, ಪರದೆ ಕೆಲಸ ನನ್ನ ಅಂಗಡಿಗೆ ಬಂದಿದೆ. ಗೋಡೆ ಪೂರ್ತಿ ದಪ್ಪ ಬಟ್ಟೆ ಬೇಕಂತೆ. ಸ್ಪೀಕರ್ ಎಲ್ಲೆಲ್ಲಿ ಬರುತ್ತೆ ಅಂದ್ರೆ "ಫೈವ್ ಪಾಯಿಂಟ್ ಒನ್ ಪಾಯಿಂಟ್ ಟೂ" ಅಂತಾರೆ. ಅದು ಅಳತೆನಾ, ಮನೆ ನಂಬರಾ? ತಪ್ಪಾದ ಕಡೆ ಬಟ್ಟೆ ಬಿಟ್ರೆ ಪೂರ್ತಿ ಬಿಚ್ಚಿ ಹೊಲೀಬೇಕು. ನಂಗೆ ಗೊತ್ತಿರೋರಲ್ಲಿ ಈ ಕೆಲಸ ಮಾಡೋನು ನೀನೊಬ್ಬನೇ. ಬರೆದು ಕಳಿಸು. ಫೋನ್ ಮಾಡ್ಬೇಡ.

ನಿನ್ನ ತಂಗಿ


ಜೂನ್ 4, ಗುರುವಾರ
ಅಣ್ಣನ ವಾಯ್ಸ್ ನೋಟ್

ಚೋಟೀ, ಬರೆದು ಕಳಿಸು ಅಂದೆ. ನನ್ನ ಅಕ್ಷರ ಔಷಧಿ ಅಂಗಡಿಯವರೇ ಓದ್ಬೇಕು. ಟೈಪ್ ಮಾಡೋಣ ಅಂದ್ರೆ ಈ ಬೆರಳಿಗೆ ಒಂದೊತ್ತಿದ್ರೆ ಮೂರಕ್ಷರ ಬೀಳುತ್ತೆ. ಅದಕ್ಕೆ ಮಾತಾಡಿ ಕಳಿಸ್ತಿದೀನಿ. ಇದು ಫೋನ್ ಅಲ್ಲ, ಬಾಯಲ್ಲಿ ಬರೆದ ಕಾಗದ. ಸಾಕು ಅನ್ನಿಸಿದ್ರೆ ಅರ್ಧಕ್ಕೇ ನಿಲ್ಸು, ನಂಗೇನೂ ಗೊತ್ತಾಗಲ್ಲ. ಒಂದು ಮನೆ ಕೆಲಸ ಈಗ ಮುಗೀತು, ವ್ಯಾನಲ್ಲಿ ಕೂತಿದೀನಿ. ಹಿಂದೆ ಲಾರಿ ಹೋಗೋ ಸದ್ದು ಬಂದ್ರೆ ಬೈಕೋಬೇಡ.

ಮೊದಲನೇ ಅಂಕಿ ಐದು. ಕೂತವರ ಕಿವಿ ಮಟ್ಟಕ್ಕೆ ಐದು ಸ್ಪೀಕರ್ ಅಂತ ಅರ್ಥ. ಮುಂದೆ ಮೂರು, ಎಡ, ಬಲ, ನಡು. ನಡುವಿಂದು ಮಾತಿಗೆ. ಸಿನಿಮಾದಲ್ಲಿ ಯಾರು ಬಾಯಿ ತೆಗೆದ್ರೂ ಹೆಚ್ಚುಕಮ್ಮಿ ಅಲ್ಲಿಂದ್ಲೇ ಬರುತ್ತೆ. ಇನ್ನೆರಡು ಕೂತವರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ಎಡಕ್ಕೊಂದು ಬಲಕ್ಕೊಂದು. ಎರಡನೇ ಅಂಕಿ ಒಂದು ಅಂದ್ರೆ ಆ ದೊಡ್ಡ ಡಬ್ಬ. ಗುಡುಗು, ಬಾಗಿಲು ಧಡಾರ್ ಅನ್ನೋದು, ಎದೆಗೆ ತಾಕೋ ಸದ್ದೆಲ್ಲ ಅದರದ್ದು. ಅದನ್ನ ಎಲ್ಲಿಟ್ರೂ ಕಿವಿಗೆ ದಿಕ್ಕು ಗೊತ್ತಾಗಲ್ಲ, ಮೂಲೆಗೆ ತಳ್ಳಿಬಿಡ್ತಾರೆ. ಕೊನೇದು ಎರಡು ಅಂದ್ರೆ ಸೀಲಿಂಗಲ್ಲಿ ಎರಡು. ಮಳೆ, ಹೆಲಿಕಾಪ್ಟರ್, ಮೇಲಿನ ಮನೆಯವರು ಕುರ್ಚಿ ಎಳೆಯೋದು, ಇಂಥವು. ನಾಳೆ ಯಾರಾದ್ರೂ ಸೆವೆನ್ ಪಾಯಿಂಟ್ ಒನ್ ಅಂದ್ರೆ ಗಾಬರಿಯಾಗ್ಬೇಡ. ಬೆನ್ನ ಹಿಂದಿನ ಗೋಡೆಗೆ ಇನ್ನೆರಡು ಸೇರಿಸಿದಾರೆ, ಅಷ್ಟೇ.

ಡಾಲ್ಬಿ, ಡಿಟಿಎಸ್ ಅಂತಾನೂ ಅಂದಿರ್ತಾರೆ. ಅವು ಸ್ಪೀಕರಲ್ಲ, ಸದ್ದನ್ನ ಮಡಚಿ ಕಟ್ಟಿ ಕಳಿಸೋ ರೀತಿ. ಒಬ್ಬೊಬ್ಬರದ್ದು ಒಂದೊಂದು ಮಡಿಕೆ. ಅಟ್ಮಾಸ್ ಅನ್ನೋದು ಮಾತ್ರ ಸ್ವಲ್ಪ ಬೇರೆ. ನಿನ್ನ ಭಾಷೇಲಿ ಹೇಳ್ತೀನಿ ಕೇಳು. ಹಳೇ ರೀತಿ ಅಂದ್ರೆ ಒಂದೊಂದು ಸ್ಪೀಕರಿಗೂ ಮೊದಲೇ ಕತ್ತರಿಸಿಟ್ಟ ತುಂಡು. ಹೊಸದು ಅಳತೆ ಚೀಟಿ ಸಮೇತ ಇಡೀ ಥಾನು ಕಳಿಸಿದ ಹಾಗೆ. ಈ ಸದ್ದು ತಲೆ ಮೇಲಿಂದ ಎಡಕ್ಕೆ ಹೋಗ್ಬೇಕು ಅಂತ ಚೀಟಿಲಿ ಬರ್ದಿರುತ್ತೆ, ಮನೇಲಿ ಎಷ್ಟು ಸ್ಪೀಕರ್ ಇದ್ಯೋ ನೋಡಿ ಯಂತ್ರಾನೇ ಕತ್ತರಿಸಿ ಹೊಲ್ಕೊಳ್ಳುತ್ತೆ.

ನಿನ್ನ ಕೆಲಸಕ್ಕೆ ಬೇಕಾಗಿರೋದು ಇಷ್ಟು. ಖಾಲಿ ಗೋಡೆಗೆ ಬಟ್ಟೆ ಎಷ್ಟು ಬೇಕಾದ್ರೂ ಬಿಡು, ರೂಮು ಗಂಯ್ ಅನ್ನೋದು ನಿಲ್ಲುತ್ತೆ. ಸ್ಪೀಕರ್ ಮುಂದೆ ಮಾತ್ರ ಬಿಡ್ಬೇಡ. ದಪ್ಪ ಬಟ್ಟೆ ಮೊದಲು ನುಂಗೋದೇ ಸಣ್ಣ ಸಣ್ಣ ಸದ್ದನ್ನ. ಬೀಗದ ಕೈ ಗೊಂಚಲು, ಉಸಿರು, ಪಿಸುಮಾತು. ದೊಡ್ಡ ಸದ್ದು ಹೇಗಾದ್ರೂ ನುಗ್ಗಿ ಬರುತ್ತೆ.

ಅಮ್ಮನ ರೂಮಿನ ನೀಲಿ ಪರದೆ ಇನ್ನೂ ಹಾಗೇ ಇದೆ. ನೀನು ಹೊಲಿದ ಮೊದಲನೇ ಪರದೆ ಅಲ್ವಾ ಅದು. ಒಂದು ಕಡೆ ಅಂಚು ಬಿಟ್ಟಿದೆ. ಸುಮ್ನೆ ಹೇಳ್ದೆ.

ಆಯ್ತು, ಇಷ್ಟೇ. ನಿನ್ನ ಅಣ್ಣ.


ಜೂನ್ 6, ಶನಿವಾರ
ಟೈಪ್ ಮಾಡಿದ್ದು

ಅಣ್ಣಾ,

ಉಪಕಾರ ಆಯ್ತು. ಸ್ಪೀಕರ್ ಇರೋ ಜಾಗ ಬಿಟ್ಟು ಗುರುತು ಹಾಕ್ಕೊಂಡೆ. ವಕೀಲರ ಹೆಂಡತಿ ಒಂದು ಪ್ರಶ್ನೆ ಕೇಳಿದ್ರು, ನಂಗೂ ಉತ್ತರ ಬರ್ಲಿಲ್ಲ. ಅದೇ ಸಿನಿಮಾನ ಹಾಲಲ್ಲಿರೋ ಮಾಮೂಲಿ ಟಿವಿಲಿ ನೋಡಿದ್ರೆ, ಹಿಂದಿನ ಸ್ಪೀಕರಿನ ಸದ್ದು ಎಲ್ಲಿಗೆ ಹೋಗುತ್ತೆ?

ಪರದೆ ವಿಷಯ ಓದೋ ಹಾಗಿದ್ರೆ ಬಿಟ್ಟು ಓದ್ತಿದ್ದೆ. ಮಾತಲ್ಲಿ ಹೇಳಿದ್ರೆ ಬಿಡಕ್ಕಾಗಲ್ಲ. ಅದನ್ನ ಹೇಳ್ಬೇಡ.

ನಿನ್ನ ತಂಗಿ


ಜೂನ್ 24, ಬುಧವಾರ
ವಾಯ್ಸ್ ನೋಟ್

ಚೋಟೀ, ಎರಡು ವಾರದ ಮೇಲಾಯ್ತು, ಉತ್ತರ ಕೊಡ್ಲಿಲ್ಲ. ಕೆಲಸ ಜಾಸ್ತಿ ಇತ್ತು ಅಂತ ಹೇಳ್ಬಹುದು. ಇರ್ಲಿಲ್ಲ.

ಆ ಅಮ್ಮಾವ್ರಿಗೆ ಹೇಳು. ಒಳ್ಳೇ ಯಂತ್ರ ಆದ್ರೆ ಹಿಂದಿನ ಸದ್ದನ್ನ ಮುಂದಿನ ಎರಡಕ್ಕೆ ಬೆರೆಸಿ ಕೊಡುತ್ತೆ. ದಿಕ್ಕು ಹೋಗುತ್ತೆ, ಸದ್ದು ಉಳಿಯುತ್ತೆ. ಕೆಲವು ಹಳೇವು ಬೆರೆಸಲ್ಲ, ಬಿಟ್ಟೇಬಿಡ್ತವೆ. ನಮ್ಮನೆ ಟಿವಿ ಅಂಥದ್ದು. ಹಿಂದಿರೋರು ಮಾತಾಡ್ತಾನೇ ಇರ್ತಾರೆ, ಟಿವಿ ಮುಂದೆ ಕೂತವನಿಗೆ ಅವರು ಇಲ್ಲವೇ ಇಲ್ಲ.

ಈಗ ಬೇರೆ ವಿಷಯ. ನನ್ನ ಹತ್ರ ಒಂದು ರೆಕಾರ್ಡಿಂಗ್ ಇದೆ. ಅಮ್ಮ ಇದ್ದಾಗ ಒಂದು ಭಾನುವಾರ ಮಧ್ಯಾಹ್ನ ನಮ್ಮ ಹಾಲಲ್ಲೇ ಐದು ಮೈಕ್ ಇಟ್ಟು ಮಾಡಿದ್ದು. ಗಿರಾಕಿಗಳಿಗೆ ಯಾವ ಸದ್ದು ಎಲ್ಲಿಂದ ಬರುತ್ತೆ ಅಂತ ತೋರ್ಸೋದಕ್ಕೆ. ಕೈಲಿ ಗಾಜಿನ ಲೋಟ, ಚಮಚ. ಟಿಣ್ ಅನ್ಸೋದು, "ಇದು ಎಡ ಮುಂದೆ" ಅನ್ನೋದು, ನಡ್ಕೊಂಡು ಹೋಗೋದು, ಟಿಣ್, "ಇದು ನಡು". ಎಡಗಡೆ ಹಿಂದಿನ ಮೈಕು ಅಮ್ಮನ ರೂಮಿನ ಬಾಗಿಲ ಪಕ್ಕಕ್ಕೆ ಬಂದಿತ್ತು. ಮೂರು ನಿಮಿಷದ ಕೆಲಸ, ಆದ್ರೆ ಯಂತ್ರ ಆಫ್ ಮಾಡೋದು ಮರ್ತು ನಲವತ್ತು ನಿಮಿಷ ಓಡಿದೆ. ಗಿರಾಕಿಗಳು ಮೂರು ನಿಮಿಷಕ್ಕೇ "ಆಯ್ತು ಮಾರಾಯ, ಸಿನಿಮಾ ಹಾಕು" ಅಂತಾರೆ. ಮುಂದಿಂದು ಯಾರ ಮನೇಲೂ ಓಡಿಲ್ಲ.

ಈ ತಿಂಗಳು ಹತ್ತನೇ ತಾರೀಖು ಒಬ್ರು ರಿಟೈರ್ಡ್ ಬಸ್ ಡ್ರೈವರ್ ಮನೆಗೆ ಹೋಗಿದ್ದೆ. ಟಿಣ್ ಟಿಣ್ ಕೇಳಿ ಅವರು, "ಎಡಗಡೆ ಹಿಂದಿಂದು ಸಣ್ಣಗಾಯ್ತಲ್ರೀ" ಅಂದ್ರು.

"ನಂಗೆ ಸರಿಯಾಗೇ ಕೇಳಿಸ್ತಿದೆ ಸಾರ್."

"ಮೂವತ್ತೆರಡು ವರ್ಷ ಬಸ್ಸು ಓಡ್ಸಿದೀನಿ. ರಸ್ತೆ ನೋಡಿದ್ದು ಕಣ್ಣಲ್ಲಿ, ಹಿಂದಿನ ಸೀಟು ನೋಡಿದ್ದು ಕಿವೀಲಿ. ಹೆಚ್ಚು ಮಾಡಿ."

ಮೀಟರ್ ಹಿಡಿದು ನೋಡ್ದೆ. ಮೂರು ಡೆಸಿಬೆಲ್ ಕಮ್ಮಿ ಇತ್ತು. ನಾನೇ ಇಟ್ಟಿದ್ದು. ಆಮೇಲೆ ನನ್ನ ಪುಸ್ತಕ ತೆಗೆದೆ. ಒಂದೊಂದು ಮನೇಲೂ ಏನೇನು ಎಷ್ಟೆಷ್ಟು ಇಟ್ಟಿದೀನಿ ಅಂತ ಬರ್ಕೊಂಡಿರ್ತೀನಲ್ಲ. ಒಂಬತ್ತು ವರ್ಷದಿಂದ ಪ್ರತಿ ಮನೇಲೂ ಎಡಗಡೆ ಹಿಂದಿಂದು ಎರಡೋ ಮೂರೋ ಕಮ್ಮಿ. ಕಿವಿ ಡಾಕ್ಟರ ಹತ್ರ ಹೋದೆ. "ಐವತ್ತಕ್ಕೆ ಇಂಥ ಕಿವಿ ಇರೋದು ಪುಣ್ಯ" ಅಂದ್ರು.

ಡ್ರೈವರ್ ಮನೆ ವಿಷಯ ಮುಗೀಲಿಲ್ಲ. ಸ್ಪೀಕರ್ ಹೆಚ್ಚು ಮಾಡಿ, ವಯರ್ ತರೋಣ ಅಂತ ವ್ಯಾನಿಗೆ ಹೋದೆ. ಟಿಣ್ ಟಿಣ್ ಓಡ್ತಾನೇ ಇತ್ತು. ಬೇಕಾದ ಅಳತೆ ವಯರ್ ಸಿಗ್ದೆ ಅಂಗಡಿಗೂ ಹೋಗಿ ಬಂದೆ. ವಾಪಸ್ ಬಂದ್ರೆ ಮನುಷ್ಯ ಕುರ್ಚಿಲಿ ನೆಟ್ಟಗೆ ಕೂತಿದಾರೆ.

"ಯಾರ್ರೀ ಆ ಅಮ್ಮ?"

"ಯಾವ ಅಮ್ಮ ಸಾರ್?"

"ಹಿಂದ್ಗಡೆ. ನಂಗೆ ಕೊಡು, ನಂಗೆ ಕೊಡು ಅಂತ ಎರಡು ಸಲ ಕೇಳಿದ್ರು. ಯಾರೂ ಕೊಡ್ಲೇ ಇಲ್ಲ."

"ಏನನ್ನ ಸಾರ್?"

"ಅದು ನಂಗೇನ್ರೀ ಗೊತ್ತು? ಅದ್ರಲ್ಲಿ ಇರೋದು ನೀವು."

ಅವರ ಕುರ್ಚಿಲೇ ಕೂತು ಕೇಳ್ದೆ. ಇಪ್ಪತ್ತೆರಡನೇ ನಿಮಿಷ. ಫೋನ್ ರಿಂಗ್ ಆಗುತ್ತೆ. ಮುಂದೆ ನನ್ನ ದನಿ. "ಅಮ್ಮ ನಿನ್ನ ಹತ್ರ ಮಾತಾಡಲ್ವಂತೆ." ಅದೇ ಹೊತ್ತಿಗೆ ಎಡಗಡೆ ಹಿಂದಿಂದ ಅಮ್ಮ. "ಯಾರೋ ಅದು? ಚೋಟಿನಾ? ನಂಗೆ ಕೊಡು."

ಅದು ನೀನು ಕೊನೇ ಸಲ ಫೋನ್ ಮಾಡಿದ ಭಾನುವಾರ.

ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ ಚೋಟಿ. ಮುಂದಿನ ಮೈಕ್ ಮಾತ್ರ ಕೇಳ್ತಿತ್ತು. ಅಮ್ಮ ಕೇಳಿದ್ದು ನಂಗೆ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಅವಳು ಏನೋ ಸಿಟ್ಟಲ್ಲಿ ಅಂದಿದ್ಲು, ಅದನ್ನೇ ನಿಂಗೆ ಹೇಳಿದ್ದು.

ಈಗ ಯಾವ ಮನೆಗೆ ಹೋದ್ರೂ, ಕೊನೇಲಿ ಟೆಸ್ಟ್ ಸದ್ದು ಸುತ್ತು ಹೊಡೆಯುತ್ತೆ, ಶ್... ಅಂತ. ಎಡ, ನಡು, ಬಲ, ಬಲ ಹಿಂದೆ. ಎಡ ಹಿಂದಕ್ಕೆ ಬಂದ ತಕ್ಷಣ ತಿರುಗಿ ನೋಡ್ತೀನಿ. ಮನೆಯವರೂ ನೋಡ್ತಾರೆ, ಏನಿದೆ ಅಂತ. ಖಾಲಿ ಗೋಡೆ, ಒಂದು ಸ್ಪೀಕರ್.

ನಿನ್ನ ಅಣ್ಣ.


ಜೂನ್ 26, ಶುಕ್ರವಾರ
ಟೈಪ್ ಮಾಡಿದ್ದು

ಅಣ್ಣಾ,

ಆ ಭಾನುವಾರ ಫೋನ್ ಇಟ್ಮೇಲೆ ನಾನು ಮತ್ತೆ ಮಾಡ್ಲಿಲ್ಲ. ಎಂಟು ತಿಂಗಳಿಗೆ ಅಮ್ಮ ಹೋದ್ಲು. ಮಣ್ಣಿಗೆ ಬಂದೆ, ಸಾಯಂಕಾಲ ಹೊರಟೆ. ನೀನು ಬಸ್ ಸ್ಟಾಪ್ ತನಕ ಬಂದೆ, ಬ್ಯಾಗ್ ಹಿಡ್ಕೊಂಡೆ, ಬಾಯಿ ಬಿಡ್ಲಿಲ್ಲ. ಅಷ್ಟು ಮಾತಾಡೋನು. ಅಮ್ಮ ನನ್ನ ಬೇಡ ಅಂದ್ಕೊಂಡೇ ಹೋದ್ಲು ಅಂತ ಇಷ್ಟು ವರ್ಷ ಬದುಕಿದೀನಿ.

ಒಂದೇ ಪ್ರಶ್ನೆ. ಹೆಡ್‌ಫೋನ್ ಹಾಕ್ಕೊಂಡಿದ್ದೆ ಅಂದೆ. ನನ್ನ ಫೋನನ್ನ ಯಾವ ಕಿವಿಗೆ ಇಟ್ಕೊಂಡಿದ್ದೆ?

ನಿನ್ನ ತಂಗಿ


ಜುಲೈ 19, ಭಾನುವಾರ
ವಾಯ್ಸ್ ನೋಟ್

ಚೋಟೀ. ಈ ನೋಟನ್ನ ಎಷ್ಟು ಸಲ ಶುರು ಮಾಡಿ ಅಳಿಸಿದೀನಿ ಅಂತ ಹೇಳೋದು ಬೇಡ. ಇದನ್ನೂ ಅಳಿಸಿಬಿಡ್ತೀನೋ ಅಂತ ಬೇಗ ಹೇಳಿಬಿಡ್ತೀನಿ.

ನಡು ಸ್ಪೀಕರಲ್ಲಿ ಒಂದು ಸದ್ದಿದೆ. ಫೋನ್ ರಿಂಗ್ ಆದ್ಮೇಲೆ, ನಾನು ಹಲೋ ಅನ್ನೋ ಮುಂಚೆ. ಟಪ್ ಅಂತ. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟಿದ್ದು.

ಕೇಳಿಸ್ತು ಚೋಟಿ. ಎರಡು ಸಲಾನೂ ಕೇಳಿಸ್ತು. ಅಮ್ಮ ಬೆಳಿಗ್ಗೆ ಏನೂ ಅಂದಿರ್ಲಿಲ್ಲ. ಅದೂ ನಾನು ಕಟ್ಟಿದ್ದು.

ಯಾಕೆ ಅಂತ ಕೇಳಿದ್ರೆ ಸರಿಯಾದ ಉತ್ತರ ಇಲ್ಲ. ಇರೋದನ್ನ ಹೇಳ್ತೀನಿ. ಅಮ್ಮ ಸೊಂಟ ಮುರ್ಕೊಂಡು ಮಲಗಿದ ಎರಡನೇ ತಿಂಗಳಿಗೆ ನೀನು ಆ ಪರದೆ ಅಂಗಡಿ ಕೆಲಸಕ್ಕೆ ಹೊರಟೆ. ಆರು ತಿಂಗಳು ಅಂದೆ, ಒಂದೂವರೆ ವರ್ಷ ಆಯ್ತು. ಎತ್ತಿ ಕೂರ್ಸೋದು, ತೊಳೆಯೋದು, ಬಟ್ಟೆ ಬದಲಾಯ್ಸೋದು, ಅಮ್ಮಂಗೆ ಮಗನ ಕೈಲಿ ಆಗೋ ನಾಚಿಕೆ, ನಂಗೆ ಆಗೋ ನಾಚಿಕೆ, ಎಲ್ಲ ಇಲ್ಲಿ. ವಾರಪೂರ್ತಿ ನಾನು. ಭಾನುವಾರ ಹತ್ತು ನಿಮಿಷ ನೀನು. ಆ ಹತ್ತು ನಿಮಿಷಕ್ಕೆ ಅಮ್ಮ ತಲೆ ಬಾಚ್ಸಿಕೊಂಡು ಕೂರ್ತಿದ್ಲು ಚೋಟಿ. ಫೋನಲ್ಲಿ ಕೂದಲು ಕಾಣುತ್ತಾ? ನನ್ನ ಕೈಲೇ ಬಾಚ್ಸಿಕೊಂಡು, ನನ್ನ ಕಡೆ ನೋಡ್ದೇ ಫೋನ್ ಕಡೆ ನೋಡ್ತಿದ್ಲು.

ಒಂದು ಭಾನುವಾರ ಅಷ್ಟೇ ಅಂದ್ಕೊಂಡೆ. ಇವಳಿಗೆ ಸ್ವಲ್ಪ ತಾಕ್ಲಿ, ಮುಂದಿನ ವಾರ ಮಾಡ್ತಾಳಲ್ಲ, ಕೊಟ್ರಾಯ್ತು ಅಂತ. ಮುಂದಿನ ಭಾನುವಾರ ಅಮ್ಮ ತಲೆ ಬಾಚ್ಸಿಕೊಂಡು ಕೂತ್ಲು. ಫೋನ್ ಬರ್ಲಿಲ್ಲ. ಅದರ ಮುಂದಿನ ವಾರಾನೂ. ನಾನೇ ಮಾಡ್ಬಹುದಿತ್ತು. ಮಾಡಿದ್ರೆ ನನ್ನ ಸುಳ್ಳು ಹೊರಗೆ ಬೀಳ್ತಿತ್ತು. ಒಂದೊಂದು ಭಾನುವಾರ ಕಳೆದ ಹಾಗೂ ಆ ನಂಬರ್ ಒತ್ತೋದು ಇನ್ನಷ್ಟು ದೂರ ಆಯ್ತು. ಆಮೇಲೆ ಅಮ್ಮ ತಲೆ ಬಾಚು ಅನ್ನೋದನ್ನೇ ಬಿಟ್ಲು.

ಇನ್ನೊಂದಿದೆ. ಇದನ್ನ ಯಾರಿಗೂ ಹೇಳಿಲ್ಲ. ಅಮ್ಮ ಹೋದ್ಮೇಲೆ ಆ ರೆಕಾರ್ಡಿಂಗನ್ನ ಮನೇಲಿ ಪೂರ್ತಿ ಹಾಕಿ ಕೇಳಿದೀನಿ, ಎರಡು ಸಲ. ಅವಳ ದನಿ ಅದರಲ್ಲಿ ಬಂದಿದ್ಯಾ ಅಂತ. ಬಂದಿರ್ಲಿಲ್ಲ. ಉಸ್ಸಪ್ಪಾ ಅಂದ್ಕೊಂಡೆ. ನಾನು ಕೇಳಿದ್ದು ಟಿವಿಲಿ. ನಮ್ಮ ಟಿವಿ ಹಿಂದಿಂದನ್ನ ಬಿಟ್ಬಿಡುತ್ತೆ ಅಂತ ಊರಿಗೆಲ್ಲ ಪಾಠ ಹೇಳೋನು ನಾನು. ಗೊತ್ತಿದ್ದೇ ಅಲ್ಲಿ ಹಾಕಿದ್ದು.

ಬೇಕಾದ್ರೆ ಅಮ್ಮನ ದನಿ ಇರೋ ಚಾನೆಲ್ ಒಂದನ್ನೇ ಬೇರೆ ಮಾಡಿ ಕಳಿಸ್ತೀನಿ. ಫೋನಲ್ಲೇ ಕೇಳ್ಬಹುದು. ಫೋನ್ ಇಟ್ಟ ಮೇಲೆ ಅವಳು ಇನ್ನೊಂದು ಮಾತು ಆಡ್ತಾಳೆ. ಅದು ನಿನಗೆ ಅಂತ ಆಡಿದ್ದು. ನನ್ನ ಬಾಯಲ್ಲಿ ಹೇಳಲ್ಲ. ಒಂದು ಸಲ ನಿನ್ನ ಮಾತು ಅಮ್ಮಂಗೆ, ಅಮ್ಮನ ಮಾತು ನಿಂಗೆ ಅಂತ ಮಧ್ಯ ನಿಂತು ಮಾಡಿದ್ದು ಸಾಕು.

ಅಣ್ಣ.


ಜುಲೈ 27, ಸೋಮವಾರ
ಟೈಪ್ ಮಾಡಿದ್ದು

ಅಮ್ಮನ ದನಿ ಒಂದೇ ಬೇಡ. ನೀನು ಹೇಳಿದ್ದೂ ಇರ್ಲಿ. ಪೂರ್ತಿ ಕಳಿಸು, ಇರೋ ಹಾಗೆ, ಎಲ್ಲ ಚಾನೆಲ್ಲೂ. ವಕೀಲರ ರೂಮು ಮುಗೀತು. ಭಾನುವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಕೂರ್ತೀನಿ ಅಂತ ಅವರ ಹೆಂಡತಿ ಹತ್ರ ಕೇಳ್ಕೊಂಡಿದೀನಿ. ಪರದೆ ಹೇಗೆ ಕೂತಿದೆ ನೋಡ್ಬೇಕು ಅಂದೆ.

ತಂಗಿ


ಆಗಸ್ಟ್ 1, ಶನಿವಾರ
ವಾಯ್ಸ್ ನೋಟ್

ಕಳಿಸಿದೀನಿ. ದೊಡ್ಡ ಫೈಲು, ಇಳಿಯೋಕೆ ಹೊತ್ತಾಗುತ್ತೆ. ನಡುವಿನ ಕುರ್ಚಿಲಿ ಕೂರು, ಒರಗ್ಬೇಡ, ಒರಗಿದ್ರೆ ಕುರ್ಚಿ ಬೆನ್ನು ಕಿವಿಗೆ ಅಡ್ಡ ಬರುತ್ತೆ. ಸ್ಟೀರಿಯೋ ಅಂತ ತೋರಿಸ್ತಿದ್ರೆ ಬದಲಾಯ್ಸು, ಐದೂ ಓಡ್ಬೇಕು. ಎಡಗಡೆ ಹಿಂದಿನ ಸ್ಪೀಕರ್ ಮೇಲೆ ಬಟ್ಟೆ ಬಿದ್ದಿದ್ರೆ ಸರಿಸ್ಕೋ. ಇಪ್ಪತ್ತೆರಡನೇ ನಿಮಿಷ.

ಅಣ್ಣ.


ಆಗಸ್ಟ್ 9, ಭಾನುವಾರ
ಟೈಪ್ ಮಾಡಿದ್ದು

ಅಣ್ಣಾ,

ಮೂರು ಗಂಟೆಗೆ ಹೋದೆ. ವಕೀಲರ ಹೆಂಡತಿ ಹಾಕಿಕೊಟ್ಟು ಬಾಗಿಲು ಎಳ್ಕೊಂಡು ಹೋದ್ರು. ಸುತ್ತಲೂ ನಾನೇ ಹೊಲಿದ ಬಟ್ಟೆ. ಮೊದಲಿಂದಾನೇ ಕೇಳಿದೆ. ನಿನ್ನ ಲೋಟದ ಟಿಣ್ ಟಿಣ್, ಆಗಿನ ನಿನ್ನ ದನಿ. ಎಷ್ಟು ಜಂಬ ಇತ್ತು ನಿಂಗೆ ಆ ಐದು ಮೈಕಿನ ಮೇಲೆ.

ಇಪ್ಪತ್ತೆರಡನೇ ನಿಮಿಷಕ್ಕೆ ನೀನು ಮುಂದೆ. ಅಮ್ಮ ಎಡಗಡೆ ಹಿಂದೆ, ಮಾತಿಗೆ ಮುಂಚೆ ಉಸಿರು ಎಳ್ಕೊಳ್ಳೋದೂ ಕೇಳೋಷ್ಟು ಹತ್ರ. ನಿಮ್ಮಿಬ್ಬರ ನಡುವೆ ನಾನು ಕೂತಿದೀನಿ. ಅವತ್ತು ಫೋನಲ್ಲಿ ನಂಗೆ ಕೇಳಿಸಿದ್ದು ನಿನ್ನ ಕಡೆ ಮಾತ್ರ. "ನಂಗೆ ಕೊಡು" ಅಂದಾಗ ನನ್ನ ಕೈ ತಾನಾಗೇ ಹಿಂದಕ್ಕೆ ಹೋಯ್ತು. ಕೈಲಿ ರಿಮೋಟ್ ಇತ್ತು.

ಆಮೇಲೆ ಅವಳು "ಇಟ್ಬಿಟ್ಲಾ?" ಅಂತಾಳೆ. ನೀನು "ರಾಂಗ್ ನಂಬರ್ ಅಮ್ಮ" ಅಂತೀಯ. ಆಮೇಲೆ ಪರದೆ ಉಂಗುರ ಸರಿಯೋ ಸದ್ದು. ಆ ಹಿತ್ತಾಳೆ ಉಂಗುರ ನಾನೇ ಆರಿಸಿದ್ದು, ಎಲ್ಲಿ ಕೇಳಿದ್ರೂ ಗುರುತು ಹಿಡೀತೀನಿ. ಮಂಚದಿಂದ್ಲೇ ಪರದೆ ಸರಿಸಿ ಬೀದಿ ನೋಡಿದಾಳೆ. ನೋಡ್ತಾನೇ ಹೇಳಿದಾಳೆ, "ಮುಂದಿನ ಸಲ ಮಾಡಿದಾಗ ಹೇಳು, ಈ ಪರದೆ ಅಂಚು ಬಿಟ್ಟಿದೆ, ಹೊಲಿದೋಳೇ ಬಂದು ಸರಿಮಾಡ್ಲಿ ಅಂತ."

ಜೂನಲ್ಲಿ ನಿನ್ನ ಮೊದಲನೇ ನೋಟಲ್ಲಿ ಅಂಚು ಬಿಟ್ಟಿದೆ ಅಂದೆ. ಸುಮ್ನೆ ಹೇಳ್ದೆ ಅಂದೆ.

ಒಂದು ಮಾತು ನಿನ್ನ ಕಿವಿಗೆ ಬಿದ್ದಿಲ್ಲ ಅನ್ಸುತ್ತೆ. ರಾಂಗ್ ನಂಬರ್ ಅಂದ್ಮೇಲೂ ಅವಳು "ಮುಂದಿನ ಸಲ ಮಾಡಿದಾಗ" ಅಂದ್ಲು. ಅಮ್ಮಂಗೆ ಗೊತ್ತಿತ್ತು ಅಣ್ಣಾ. ಗೊತ್ತಿದ್ದೇ ಎಂಟು ತಿಂಗಳು ನಿನ್ನ ಕೈಲಿ ಊಟ ಮಾಡಿದಾಳೆ. ಇದನ್ನ ನೀನು ಇಟ್ಕೋ. ನಾನು ಇಷ್ಟು ವರ್ಷ ಇಟ್ಕೊಂಡಿದ್ದು ಸಾಕು.

ಕ್ಷಮೆ ವಿಷಯ ಎತ್ಬೇಡ, ನನ್ನ ಹತ್ರ ಇಲ್ಲ. ಆ ಪರದೆ ಇಳಿಸ್ಬೇಡ, ಒಗೀಬೇಡ. ಅಳತೆ ಕಳಿಸು. ಇಪ್ಪತ್ತನೇ ತಾರೀಖು ಗುರುವಾರ ಬರ್ತೀನಿ, ಪರದೆ ಕೆಲಸಕ್ಕೆ ಮಾತ್ರ. ಹೊಲೀವಾಗ ನೀನು ಮಾತಾಡ್ಬೇಡ.

ಚೋಟಿ


ಆಗಸ್ಟ್ 11, ಮಂಗಳವಾರ
ವಾಯ್ಸ್ ನೋಟ್

ಎತ್ತರ ಐದಡಿ ಎರಡಿಂಚು. ಅಗಲ ನಾಲ್ಕಡಿ. ಬಿಟ್ಟಿರೋದು ಕೆಳಗಿನ ಅಂಚು, ಮಂಚದ ಕಡೆಯಿಂದ ಒಂದು ಗೇಣು. ಅವಳು ಹಿಡ್ಕೊಂಡು ಎಳೀತಿದ್ದ ಜಾಗ. ಅಲ್ಲಿ ಬಟ್ಟೆ ಬೇರೆ ಬಣ್ಣಕ್ಕೆ ತಿರುಗಿದೆ. ಉಂಗುರ ಹನ್ನೆರಡರಲ್ಲಿ ಹನ್ನೊಂದಿವೆ, ಇನ್ನೊಂದು ಮಂಚದ ಕೆಳಗೆ ಸಿಕ್ತು, ತೆಗೆದಿಟ್ಟಿದೀನಿ. ದಾರ ಯಾವ ನೀಲಿ ಅಂತ ಹೇಳಕ್ಕೆ ನಂಗೆ ಬರಲ್ಲ, ನೀನೇ ನೋಡು.

ಟೇಪ್ ಹಿಡ್ಕೊಂಡು ಮೊಬೈಲಲ್ಲಿ ಅಳತೆ ಹೇಳ್ಕೊಳ್ತಾ ನಿಂತಿದ್ದೆ ಚೋಟಿ. ಮಧ್ಯಾಹ್ನ, ಬಿಸಿಲು, ಮನೇಲಿ ಒಂದು ಸ್ಪೀಕರೂ ಓಡ್ತಿಲ್ಲ. ಎಡಗಡೆ ಹಿಂದಿಂದ ಬಂತು. "ಯಾರೋ ಅದು?"

ಈ ಸಲ ತಿರುಗಿ ನೋಡ್ಲಿಲ್ಲ.

"ಚೋಟಿ ಅಮ್ಮ," ಅಂದೆ. "ಗುರುವಾರ ಬರ್ತಾಳಂತೆ."

ಅಣ್ಣ.